ಆಡಿನ ಅಪ್ಪಣೆ

ಹೋದ ಭಾನುವಾರ ಒಂದು ಆಡು ನನ್ನ ಮಾನ ಕಳೆಯುವುದರಲ್ಲಿತ್ತು. ನಾನು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು.

ನಡೆದದ್ದು ಇಷ್ಟು. ತೇವಾರಂ ಅನ್ನುವ ಊರಿನ ಹತ್ತಿರ ನಮ್ಮ ಕುಲದೇವರು ಕರುಪ್ಪಸಾಮಿಯ ಗುಡಿಯಿದೆ. (ಗುಡಿ ಅಂದರೆ ಒಂದು ಹುಣಸೆಮರ, ಎರಡು ಕಲ್ಲು, ಒಂದು ಕತ್ತಿ.) ಅಲ್ಲಿ ಅಕ್ಕನ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಆಮೇಲೆ ಸಾಮಿಗೆ ಒಪ್ಪಿಸುವ ಆಡಿನ ಮೇಲೆ ಅರಿಶಿನದ ನೀರು ಹಾಕಬೇಕಾದವನೂ ಸೋದರಮಾವನೇ. ಅಂದರೆ ನಾನು. ಹನ್ನೆರಡು ವರ್ಷದಿಂದ ಮಾಂಸ ಮುಟ್ಟದ ನಾನು.

ನಮ್ಮಲ್ಲೊಂದು ಕಟ್ಟಳೆಯಿದೆ. ನೀರು ಬಿದ್ದ ಆಡು ಮೈ ಕೊಡವಬೇಕು. ಕೊಡವಿದರೆ ಅಪ್ಪಣೆ ಕೊಟ್ಟಂತೆ. ಮೂರು ಸಲ ಹಾಕಿಯೂ ಸುಮ್ಮನಿದ್ದರೆ ಕತ್ತಿ ಎತ್ತುವಂತಿಲ್ಲ, ಹಗ್ಗ ಬಿಚ್ಚಿಬಿಡಬೇಕು. ಮತ್ತೆ ಅದನ್ನು ಯಾರೂ ಮುಟ್ಟುವುದಿಲ್ಲ.

ನಿಮಗೆ ಗೊತ್ತೇ ಇದೆ, ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. (ಎಷ್ಟು ಸಲ ಹೇಳಿದ್ದೀನೋ. ಇನ್ನೂ ಹೇಳುತ್ತೇನೆ. ಬೋಡಿನಾಯಕನೂರಿನಲ್ಲಿ ದಿನವಿಡೀ ಕೂತು ಏಲಕ್ಕಿ ಆರಿಸಿ ಅವ್ವ ಓದಿಸಿದ ಡಿಗ್ರಿ ಅದು.) ಈಗ ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಮಾಂಸ ಯಾಕೆ ಬಿಟ್ಟೆ ಅಂತ ಕೇಳಿದವರಿಗೆಲ್ಲ ಅಹಿಂಸೆ ಅಂತಲೇ ಹೇಳಿಕೊಂಡು ಬಂದಿದ್ದೇನೆ.

ನಿಜ ಹೇಳಲಾ? ಹಾಸ್ಟೆಲ್ ಮೆಸ್ಸಿನಲ್ಲಿ ವೆಜ್ ಸಾಲಿನಲ್ಲಿ ಕೂರುತ್ತಿದ್ದವರ ಇಂಗ್ಲಿಷ್ ಚೆನ್ನಾಗಿತ್ತು. ನಾನೂ ತಟ್ಟೆ ಎತ್ತಿಕೊಂಡು ಆ ಸಾಲಿಗೆ ಹೋದೆ.

ಅವತ್ತು ಹುಣಸೆಮರದ ಕೆಳಗೂ ನನ್ನ ಕ್ಲಾಸು ಶುರುವಾಗಿತ್ತು. ಬಸ್ಸಲ್ಲಿ ಹೋಗಿಬರುವಷ್ಟು ದೂರದಲ್ಲಿ, ನಮ್ಮ ಕಣಿವೆಯಲ್ಲೇ, ಬಂಡೆಯ ಮೇಲೆ ತೀರ್ಥಂಕರರನ್ನು ಸಾಲಾಗಿ ಕೆತ್ತಿದ್ದಾರೆ. ಇರುವೆ ತುಳಿಯದಂತೆ ನೆಲ ನೋಡಿಕೊಂಡು ನಡೆಯುತ್ತಿದ್ದ ಜೈನ ಮುನಿಗಳು ಇಲ್ಲೇ ಓಡಾಡಿದವರು ಅಂದೆ. ಆಡಿನ ಜೀವವೂ ನಮ್ಮ ಜೀವವೂ ಅವರಿಗೆ ಒಂದೇ. ಬುದ್ಧನ ಭಿಕ್ಷುಗಳು ಪಾತ್ರೆಗೆ ಬಿದ್ದ ಮಾಂಸ ತಿನ್ನಬಹುದಿತ್ತು, ತಮಗಾಗಿಯೇ ಕೊಂದದ್ದನ್ನು ಮಾತ್ರ ತಿನ್ನುವಂತಿರಲಿಲ್ಲ. ಅದಕ್ಕೂ ಹಿಂದೆ ವೇದಕಾಲದ ಯಜ್ಞಗಳಲ್ಲಿ ಪಶುಬಲಿ ಇತ್ತು. ಆಗಲೂ ಪುರೋಹಿತರು ಕೊಲ್ಲುವುದು ಅನ್ನುತ್ತಿರಲಿಲ್ಲ, ಶಾಂತಗೊಳಿಸುವುದು ಅನ್ನುತ್ತಿದ್ದರು. ಆ ಅಳುಕೇ ಬೆಳೆದು ಸಸ್ಯಾಹಾರದವರೆಗೆ ಬಂತು ಅನ್ನುವವರಿದ್ದಾರೆ ಅಂದೆ.

ವೀಳ್ಯದೆಲೆ ಮಡಿಸುತ್ತ ಅವ್ವ ಎಲ್ಲ ಕೇಳಿಸಿಕೊಂಡಳು. ನಮಗೂ ಅಳುಕು ಇರೋದಕ್ಕೇ ಅಲ್ವಾ ಆಡನ್ನ ಕೇಳೋದು ಅಂದಳು.

ಇದು ನನ್ನ ನೋಟ್ಸಿನಲ್ಲಿ ಇರಲಿಲ್ಲ.

ಸರಿ, ನೀರು ಹಾಕಿದೆ. ಆಡು ನಿಂತೇ ಇತ್ತು. ಎರಡನೇ ಸಲ ಹಾಕಿದೆ. ಬಗ್ಗಿದ ಕೊಂಬೆಯ ಹುಣಸೆ ಚಿಗುರಿಗೆ ಬಾಯಿ ಹಾಕಿತು. ಒಲೆ ಹೊತ್ತಿಸಿ, ಮಸಾಲೆ ಅರೆದು ಆಗಿತ್ತು. ನೆಂಟರು ಹಸಿದಿದ್ದರು.

"ಮಾಪ್ಳೆ, ಅದು ನಿನ್ ಕೈ ನೋಡ್ತು," ಅಂದರು ಅಕ್ಕನ ಗಂಡ, ಎಲ್ಲರಿಗೂ ಕೇಳುವ ಹಾಗೆ. (ನಮ್ಮ ಕಡೆ ಹೆಂಡತಿಯ ತಮ್ಮನನ್ನು ಹೀಗೇ ಕರೆಯುವುದು.) "ಸಾಂಬಾರ್ ಕೈ ಅಂತ ಗೊತ್ತಾಗೋಯ್ತು."

ಎಲ್ಲರೂ ನಕ್ಕರು. ಓದಿದವನು ಬೇಡ, ಬೇರೆ ಯಾರ ಕೈಲಾದರೂ ಹಾಕಿಸಿ ಅಂತ ಹಿಂದಿನಿಂದ ಯಾರೋ ಅಂದರು. ತಮಾಷೆಗೇ ಅಂದದ್ದು. ಆದರೂ ಚುಚ್ಚಿತು. ಹಾಗಾದರೆ ನಾನು ಇವರವನಲ್ಲವಾ?

ಅವ್ವ ಆಗಲೇ ಹಗ್ಗದ ಹತ್ತಿರ ಹೋಗಿ ಕೂತಿದ್ದಳು, ಬಿಚ್ಚುವುದಕ್ಕೆ. ಇನ್ನೊಂದು ಸಲ ಹಾಕು, ಇಲ್ಲಾಂದ್ರೆ ಬಿಟ್ಟುಬಿಡೋಣ, ಅನ್ನ ರಸಂ ಇದ್ದೇ ಇದೆಯಲ್ಲ ಅಂದಳು.

ಚಿಕ್ಕಂದಿನಲ್ಲಿ ನಾನೂ ಆಡು ಮೇಯಿಸಿದವನು. ಕಿವಿಯೊಳಗೆ ನೀರು ಹೋದರೆ ಯಾವ ಆಡೂ ಸುಮ್ಮನಿರಲಾರದು. ಮೂರನೇ ಚೊಂಬನ್ನು ತಲೆಗೆ ಹಾಕುವವನಂತೆ ಹಿಡಿದು ಕಿವಿಗೆ ಬಗ್ಗಿಸಿದೆ.

ಆಡು ಮೈ ಕೊಡವಿತು. ಹೆಂಗಸರು ನಾಲಿಗೆ ಆಡಿಸಿ ಕುಲವೆ ಕೂಗಿದರು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಎಲ್ಲ ಮುಗಿದಿತ್ತು. ಭಾವ ನನ್ನ ಬೆನ್ನು ತಟ್ಟಿದರು.

ಊಟಕ್ಕೆ ಕೂತಾಗ ನನಗೆ ಬೇರೆ ಪಾತ್ರೆಯ ರಸಂ ಬಂತು. ಅವ್ವ ಬಂದು ನನ್ನ ಪಕ್ಕ ಕೂತಳು. ಮಾಂಸದ ಸಾರು ಬಡಿಸಲು ಬಂದಾಗ ತನ್ನ ಎಲೆಗೆ ಕೈ ಅಡ್ಡ ಹಿಡಿದಳು. ಸಾಮಿಯ ಪ್ರಸಾದವನ್ನು ಅವಳು ಬೇಡ ಅಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೈ ಸರಿಯಿಲ್ಲವಾ ಅಂತ ಕೇಳಿದೆ.

"ಕಿವಿಗೆ ಹಾಕ್ದೆ ಅಲ್ವಾ ರಾಸಾ," ಅಂದಳು, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ. "ಅದು ಹೂಂ ಅನ್ಲಿಲ್ಲ. ನೀನು ಅನ್ನಿಸ್ದೆ. ಹೂಂ ಅನ್ನದ್ದನ್ನ ನಾನು ತಿನ್ನಲ್ಲ."

ಇಬ್ಬರೂ ಅದೇ ರಸಂ, ಅದೇ ಅನ್ನ ತಿಂದು ಎದ್ದೆವು. ಆ ಪಂಕ್ತಿಯಲ್ಲಿ ಸಸ್ಯಾಹಾರಿಗಳು ಎಷ್ಟು ಜನ ಅಂತ ನೀವು ಕೇಳಿದರೆ, ನನ್ನನ್ನೂ ಸೇರಿಸಿ ಹೇಳಲಾ?