ಅಗಿಯದೆ ಉಣ್ಣುವವರು

ತಮಿಳು ಗಡಿಯ ಸೂಳಗಿರಿಯ ಕಾರ್ಖಾನೆಯಲ್ಲಿ ನಮ್ಮ ಜೊತೆ ಒಬ್ಬ ಹಿರಿಯ ಫಿಟ್ಟರ್ ಇದ್ದರು. ಅವಲಪಲ್ಲಿಯ ಮನೆಯಿಂದ ದಿನವೂ ರಾಗಿಮುದ್ದೆ, ಸೊಪ್ಪಿನ ಸಾರು ತರುತ್ತಿದ್ದರು. ಮುದ್ದೆ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಗುಳುಕ್ಕನೆ ನುಂಗುವರು. ತಮಿಳರ ಇಡ್ಲಿ ಅವರ ಲೆಕ್ಕದಲ್ಲಿ ಜ್ವರದವರ ಪಥ್ಯ. ಬಿಹಾರದ ವೆಲ್ಡರನ ಚಪಾತಿಯಂತೂ ಚಪ್ಪಲಿಯ ಅಟ್ಟೆ.

ಒಮ್ಮೆ ದೊಡ್ಡ ಮನಸ್ಸು ಮಾಡಿ ಆ ವೆಲ್ಡರನಿಗೆ ಒಂದು ತುತ್ತು ಮುದ್ದೆ ಕೊಟ್ಟರು. ಅವನು ಅಗಿದ, ಹಲ್ಲಿಗೆಲ್ಲ ಮೆತ್ತಿಕೊಂಡಿತು.

"ನುಂಗ್ಲಾ. ಅಗಿಯಾಕೆ ನಾವೇನ್ ದನ್ವಾ?"

ಅಂದಿನಿಂದ ಯಾರು ಏನು ತಿಂದರೂ ಅವರದು ಇದೇ ಮಾತು, ತಮಿಳು ತೆಲುಗಿನಲ್ಲೂ.

ಹೋದ ವರ್ಷ ಅವರಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಬಿಡಿಸಿದ್ದು ಅನ್ನವನ್ನು ಮಾತ್ರ. ಸೊಸೆ ಮುದ್ದೆಯನ್ನೂ ಬಿಡಿಸಿ ಎರಡು ಚಪಾತಿ ಕಟ್ಟಿಕೊಟ್ಟಳು. ಅವರು ಡಬ್ಬಿ ತೆರೆದರು. ಆಮೇಲೆ ಚಪಾತಿ ಹರಿದು, ಉಂಡೆ ಕಟ್ಟಿ, ಸಾರಿನಲ್ಲಿ ಅದ್ದಿ ನುಂಗಿದರು. ಅದು ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು.

ವೆಲ್ಡರ್ ನೀರಿನ ಬಾಟಲಿ ಚಾಚಿದ. ನಮ್ಮಿಂದ ಕಲಿತ ಕನ್ನಡದಲ್ಲಿ ಮೆಲ್ಲಗೆ ಹೇಳಿದ:

"ಅಗೀರಿ ಅಣ್ಣ, ಯಾರೂ ನೋಡ್ತಿಲ್ಲ."

ನಾವೆಲ್ಲರೂ ತಲೆ ತಗ್ಗಿಸಿ ನಮ್ಮ ನಮ್ಮ ಡಬ್ಬಿ ನೋಡಿಕೊಂಡೆವು.