ಚೀನಾದ ಸಿಂಹಕ್ಕೆ ಕಣ್ಣು ಬರೆದ ಅಂಬುಬಾಯಿ

ಅಂಬುಬಾಯಿ ಯಾರಿಗೂ ಅಂಜುವವಳಲ್ಲ ಎಂದು ಚಿತ್ತಾಪುರದ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಅವರಿಗೇನು ಗೊತ್ತು? ನನ್ನ ಮನೆಗೂ ಅವಳ ಮನೆಗೂ ನಡುವೆ ಇರುವುದು ಒಂದೇ ಕಲ್ಲಿನ ಗೋಡೆ. ಅವಳು ಕಣ್ಣಿಗೆ ಅಂಜುತ್ತಾಳೆ, ಅದೂ ತಾನೇ ಬರೆದ ಕಣ್ಣಿಗೆ.

ಅವಳು ಕುಂಬಾರರ ಸೊಸೆ. ಗಂಡ ತೀರಿಕೊಂಡ ಮೇಲೂ ಶ್ರಾವಣ ಬಂತೆಂದರೆ ಕೆರೆಯ ಮಣ್ಣು ತರಿಸಿ ಗಣಪತಿ ಮಾಡಲು ಕೂರುತ್ತಾಳೆ. ಮೈಬಣ್ಣ, ಕಿರೀಟ, ಇಲಿ ಎಲ್ಲ ಮೊದಲೇ ಮುಗಿದಿರುತ್ತದೆ, ಕಣ್ಣು ಮಾತ್ರ ಬಿಳಿಯಾಗಿ ಖಾಲಿ. ಕೊಳ್ಳುವವರು ತಾಟಿನಲ್ಲಿ ಅಕ್ಕಿ ಬೆಲ್ಲ ಹಿಡಿದು ಬಂದು ನಿಂತಾಗಲೇ ದೀಪ ಹಚ್ಚಿ ಕಣ್ಣು ಬರೆಯುತ್ತಾಳೆ, ಬರೆದ ಕೂಡಲೇ ಮೂರ್ತಿಯ ಮುಂದೆ ಕನ್ನಡಿ ಹಿಡಿಯುತ್ತಾಳೆ. ಹೊಸದಾಗಿ ತೆರೆದ ಕಣ್ಣಿನ ಮೊದಲ ನೋಟ ಬಹಳ ಉರಿಯಂತೆ. ಅದು ತನ್ನ ಮೇಲೆ ತಾನೇ ಬಿದ್ದು ತಣ್ಣಗಾಗಬೇಕು. ಆ ಹೊತ್ತಿನಲ್ಲಿ ಬಸುರಿಯರು, ಕೂಸುಗಳು ಎದುರಿಗೆ ಇರಕೂಡದು. ಇನ್ನು ಕಣ್ಣು ತೆರೆದ ಮೂರ್ತಿ ಮನೆಯಲ್ಲಿ ಉಳಿದರೆ ಅದರ ಹಸಿವೆಯೂ ಬರೆದವರ ತಲೆಯ ಮೇಲೆ. ಇದೆಲ್ಲ ಅವಳ ಅತ್ತೆ ಕಲಿಸಿದ ರೀತಿ. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ, ನಾನು ಹೊಲಿಗೆ ಮಷೀನು ತುಳಿದು ಉಣ್ಣುವವಳು. ಆದರೂ ಅವಳು ಹೊರಗೆ ಹೋಗು ಅಂದರೆ ಗೊಣಗುತ್ತಲೇ ಹೋಗುತ್ತೇನೆ.

ಹೋದ ವರ್ಷ ಗಣಪತಿ ಹಬ್ಬ ಮುಗಿದು ಮಳೆ ಇನ್ನೂ ನಿಲ್ಲದ ದಿನಗಳಲ್ಲಿ ವಾಡಿಯ ಅಕ್ರಂ ಒಂದು ಸಿಂಹದ ತಲೆ ಹೊತ್ತು ತಂದ. ಅವನದು ವಾಡಿ ಸ್ಟೇಷನ್ನಿನ ಹತ್ತಿರ ಚೈನೀಸ್ ಅಂಗಡಿ. ನೂಡಲ್ಸ್, ಗೋಬಿ ಮಂಚೂರಿ, ಏನು ಕೇಳಿದರೂ ಕೆಂಪಗೆ ಮಾಡಿ ಕೊಡುತ್ತಾನೆ. ಅಂಗಡಿಗೆ ಕಳೆ ಬರಲಿ ಎಂದು ಹೈದರಾಬಾದಿನಲ್ಲಿ ಹಳೆ ಸಾಮಾನು ಮಾರುವವರಿಂದ ಆ ತಲೆ ಕೊಂಡಿದ್ದ. ದಾರಿಯಲ್ಲಿ ಮಳೆಗೆ ತೊಯ್ದು ಅದರ ದವಡೆ ಜೋತುಬಿದ್ದಿತ್ತು. ಕಾಗದ ಅರೆದು ಮೆತ್ತುವ ಕೆಲಸ ಈ ಕಡೆ ಅಂಬುಬಾಯಿಗಲ್ಲದೆ ಯಾರಿಗೆ ಬರುತ್ತದೆ?

ಜೋಳ ತುಂಬುವ ಬುಟ್ಟಿಯಷ್ಟು ದೊಡ್ಡ ತಲೆ. ಹುಬ್ಬಿಗೆ ಬಿಳಿ ತುಪ್ಪಳ, ನೆತ್ತಿಗೊಂದು ಕೊಂಬು, ಹಣೆಯ ನಡುವೆ ಪುಟ್ಟ ಕನ್ನಡಿ, ಕೆನ್ನೆ ತುಂಬ ಚಿನ್ನದ ಬಣ್ಣದ ಸುಳಿ. ಸಿಂಹಕ್ಕೆ ಕೊಂಬು ಎಲ್ಲಿಂದ ಬಂತು ಎಂದು ನಾನು ನಕ್ಕೆ. ಅಂಬುಬಾಯಿ ನಗಲಿಲ್ಲ. ತಲೆಯನ್ನು ಬೋರಲು ಹಾಕಿ ಒಳಗೆ ಕೈಯಾಡಿಸಿ, ಬಿದಿರನ್ನು ಎಷ್ಟು ತೆಳ್ಳಗೆ ಸೀಳಿದ್ದಾರೆ, ಕಾಗದವನ್ನು ಎಷ್ಟು ಪದರು ಅಂಟಿಸಿದ್ದಾರೆ ಎಂದು ತನ್ನಷ್ಟಕ್ಕೆ ಮೆಚ್ಚಿಕೊಂಡಳು. ಅಲ್ಲಿಯೂ ತನ್ನಂಥವರು ಇದ್ದಾರೆಂದು ಅವಳಿಗೆ ಖುಷಿಯಾಗಿತ್ತು.

ಅವಳಿಗಿಂತ ಹೆಚ್ಚು ಖುಷಿಪಟ್ಟವಳು ಮಗಳು ದೇವಿಕಾ. ಹೆರಿಗೆಗೆಂದು ತವರಿಗೆ ಬಂದಿದ್ದಳು. ಮೊದಲ ಬಸಿರು ನಡುವೆಯೇ ಹೋಗಿತ್ತು. ಈ ಸಲ ಡಾಕ್ಟರು ಹೆಚ್ಚು ಓಡಾಡಬೇಡ ಅಂದಿದ್ದರಿಂದ ಇಡೀ ದಿನ ಮಲಗಿಕೊಂಡು ಮೊಬೈಲಿನಲ್ಲಿ ಹಿಂದಿ ಮಾತು ಕೂಡಿಸಿದ ಚೀನಾದ ಧಾರಾವಾಹಿ ನೋಡುತ್ತಿದ್ದಳು. ಅದರಲ್ಲಿ ಹೆಂಗಸರು ಉದ್ದ ತೋಳಿನ ರೇಷ್ಮೆ ಉಟ್ಟು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾರೆ, ಕತ್ತಿ ಬೀಸುತ್ತಾರೆ, ಒಂದು ಕೂದಲೂ ಕೆದರುವುದಿಲ್ಲ. ಅಂಥ ದೇಶದ ಸಿಂಹ ಮನೆಗೇ ಬಂದಿದೆ ಎಂದರೆ ಬಿಡುತ್ತಾಳೆಯೇ? ಕೌದಿಯನ್ನು ಅದರ ಎದುರಿಗೇ ಎಳೆದುಕೊಂಡು ಕುಳಿತಳು.

ದವಡೆ ಕೂಡಿತು, ಬಣ್ಣ ಬಂತು. ಸಿಂಹದ ಕಣ್ಣು ಖಾಲಿಯಿತ್ತು. ಮಳೆಗೆ ತೊಳೆದು ಹೋಗಿರಬೇಕು ಎಂದುಕೊಂಡ ಅಂಬುಬಾಯಿ, ಅಂಗಡಿಗೆ ತೂಗುಹಾಕುವ ಗೊಂಬೆ ತಾನೇ ಎಂದು ಕರಿ ಬಣ್ಣ ಅದ್ದಿ ಎರಡೂ ಕಣ್ಣು ಬರೆದುಬಿಟ್ಟಳು. ದೀಪವಿಲ್ಲ, ಕನ್ನಡಿಯಿಲ್ಲ. ನಾನು ದೇವಿಕಾಳ ಸಡಿಲ ಜಂಪರು ಹೊಲಿದು ತಂದು ಬಾಗಿಲಲ್ಲಿ ನಿಂತಿದ್ದೆ. ಅಂಬುಬಾಯಿ ತಲೆಯೆತ್ತಿ ಆ ಕಣ್ಣು ನೋಡುತ್ತಿದ್ದ ಕಡೆ ನೋಡಿದಳು. ಅಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು. ಅಂಬುಬಾಯಿಯ ಕುಂಚ ಕೈಯಿಂದ ಜಾರಿತು.

ಅವತ್ತಿನಿಂದ ಆ ಮನೆಯಲ್ಲಿ ಅನ್ನ ಸರಿಯಾಗಿ ಬೇಯಲಿಲ್ಲ. ಅವಳು ಸಿಂಹದ ಮುಖಕ್ಕೆ ಹಳೆ ಸೀರೆ ಹೊದಿಸಿ, ಇದು ಯಾವ ದೇವರು, ಏನು ತಿನ್ನುತ್ತದೆ, ಹೇಗೆ ಕಳಿಸಿಕೊಡಬೇಕು ಎಂದು ಸಿಕ್ಕವರನ್ನೆಲ್ಲ ಕೇಳತೊಡಗಿದಳು. ನಾನು ಬೈದೆ. ಹಣೆಯ ಮೇಲೆ ಕನ್ನಡಿ ಇದೆಯಲ್ಲ, ಸಾಕು ಬಿಡು ಅಂದೆ. ಆ ಕನ್ನಡಿ ಸಿಂಹದ ಕಡೆ ತಿರುಗಿಲ್ಲ, ನಮ್ಮ ಕಡೆ ತಿರುಗಿದೆ ಅಂದಳು.

ಅಕ್ರಂ ಬಂದು ಇದು ಬರೀ ಗೊಂಬೆ, ಕುಣಿತಕ್ಕೆ ಹಾಕಿಕೊಳ್ಳುವುದು ಎಂದು ತೋರಿಸಲು ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿದ. ಯಾವುದೋ ಬೀದಿ, ಕೆಂಪು ದೀಪಗಳು, ನಗಾರಿ. ಒಂದು ಸಿಂಹ ನೆಲಕ್ಕೆ ಮುಖ ಊರಿ ಮಲಗಿತ್ತು. ಹಿರಿಯನೊಬ್ಬ ಕುಂಚ ಹಿಡಿದು ಬಂದು ಅದರ ಎರಡೂ ಕಣ್ಣಿಗೆ ಬಣ್ಣದ ಬೊಟ್ಟಿಟ್ಟ. ಆಮೇಲೆ ಅದು ರೆಪ್ಪೆ ಬಡಿಯಿತು, ಮೈ ಕೊಡವಿ ಎದ್ದು ನಿಂತಿತು.

“ಮಳೀಗಿ ಹೋಗಿದ್ದಲ್ಲ ತಮ್ಮಾ,” ಅಂದಳು ಅಂಬುಬಾಯಿ. “ಬೇಕಂತನೇ ಖಾಲಿ ಬಿಟ್ಟಿದ್ರು. ಮುಚ್ಚಿದ್ದ ಕಣ್ಣು ನಾ ತಗದೀನಿ.”

ನಂಬಿಕೆಯಿಲ್ಲದ ನನಗೂ ಮೈ ಜುಮ್ಮೆಂದಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಈಗ ಆ ತಲೆ ಅಕ್ರಂನ ಅಂಗಡಿಯಲ್ಲಿ ರಸ್ತೆಯ ಕಡೆ ಮುಖ ಮಾಡಿ ತೂಗುತ್ತಿದೆ, ಹುಡುಗರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವತ್ತು ಮಾತ್ರ ಅವನು ಒಯ್ಯಲು ಒಪ್ಪಲಿಲ್ಲ. ಅಂಗಡಿಯ ಹಿಂದೆಯೇ ಮನೆ, ಸಣ್ಣ ಮಕ್ಕಳಿದ್ದಾರೆ, ಹೆಂಡತಿ ಜಬೀನಾ ನನ್ನನ್ನು ಹೊರಗೆ ಹಾಕುತ್ತಾಳೆ, ಇನ್ನೊಂದಿಷ್ಟು ದಿನ ಇಲ್ಲೇ ಇರಲಿ ಕಾಕಿ ಎಂದು ಬೇಡಿಕೊಂಡ.

ವಿಡಿಯೋದಲ್ಲಿ ಸಿಂಹ ಸೊಪ್ಪು ಬಾಯಿಗೆ ಹಾಕಿಕೊಂಡು ಹರಿದು ಚೆಲ್ಲಿದ್ದನ್ನು ಅಂಬುಬಾಯಿ ನೋಡಿದ್ದಳು. ಹಾಗಾಗಿ ಎಲೆಕೋಸು. ಅಕ್ರಂ ತನ್ನ ಅಂಗಡಿಯ ಪಾಲಿನಿಂದ ತಂದು ಕೊಡುವನು, ಇವಳು ಎಲೆ ಬಿಡಿಸಿ ಸಿಂಹದ ಬಾಯಿಯ ಮುಂದೆ ಇಡುವಳು, ಸಂಜೆಗೆ ಅದು ಓಣಿಯ ಆಡುಗಳ ಪಾಲು. ಆಡುಗಳು ದಪ್ಪಗಾದವು, ದೇವಿಕಾ ಇಳಿದುಹೋದಳು. ಬೆಳಿಗ್ಗೆ ಎದ್ದರೆ ಕೂಸು ಅಲುಗಿತೇ, ಮಧ್ಯಾಹ್ನ ಅಲುಗಿತೇ, ಈಗ ಅಲುಗಿತೇ ಎಂದು ತಾಯಿ ಕೇಳುತ್ತಿದ್ದಳು. ಉಣ್ಣುವಾಗ ನೋಡುತ್ತಿದ್ದಳು, ಮಲಗಿದಾಗ ತಲೆದೆಸೆಯಲ್ಲಿ ಕುಳಿತು ನೋಡುತ್ತಿದ್ದಳು. ಮಗಳು ಮೊಬೈಲು ನೋಡುವುದನ್ನೂ ಬಿಟ್ಟಳು.

ಒಂದು ದಿನ ಹೊತ್ತು ನೆತ್ತಿಗೇರಿದಾಗ ದೇವಿಕಾ ಗೋಡೆಯಾಚೆಯಿಂದ ನನ್ನನ್ನು ಕೂಗಿದಳು. ತಾಯಿಯನ್ನಲ್ಲ, ನನ್ನನ್ನು. ಬೆಳಗಿನಿಂದ ಕೂಸು ಅಲುಗಿಲ್ಲ ಅಂದಳು. ನಾನು ಓಡಿ ಹೋಗುವಷ್ಟರಲ್ಲಿ ಅಂಬುಬಾಯಿಗೂ ಕೇಳಿಸಿತ್ತು. ಅವಳು ಮಗಳ ಹತ್ತಿರ ಬರಲಿಲ್ಲ. ಸಿಂಹದ ಮುಂದೆ ಬಿದ್ದು, ನಿನ್ನ ಊರು ಅರಿಯೆ, ನಿನ್ನ ಮಾತು ಅರಿಯೆ, ತಪ್ಪು ನನ್ನದು, ನನ್ನನ್ನು ತಗೋ ಎಂದು ಹಣೆ ನೆಲಕ್ಕೆ ಬಡಿದುಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು. ಅವಳ ರಟ್ಟೆ ಹಿಡಿದು ಎಬ್ಬಿಸಿ, ಆಟೋ ತರಿಸಿ, ಇಬ್ಬರನ್ನೂ ದವಾಖಾನೆಗೆ ಕರೆದೊಯ್ದೆ.

ಡಾಕ್ಟರಮ್ಮ ಹೊಟ್ಟೆಗೆ ಮಷೀನು ಹಚ್ಚಿ ಕೇಳಿದರು. ಕೂಸಿನ ಎದೆ ಬಡಿಯುತ್ತಿತ್ತು, ಆದರೆ ತಡವರಿಸುತ್ತಿತ್ತು. ಈಗಲೇ ಆಪರೇಷನ್ ಆಗಬೇಕು ಅಂದರು. ಗಾಲಿ ಮಂಚ ದೂಡುವಾಗ ದೇವಿಕಾ ತಾಯಿಯ ಸೆರಗು ಹಿಡಿದು ನಿಲ್ಲಿಸಿದಳು.

“ಅವ್ವಾ, ಆ ಸಿಂಹ ಒಮ್ಮಿ ನೋಡ್ತು. ನೀ ಅವತ್ತಿಂದ ನೋಡ್ಲಿಕತ್ತಿ. ಸತ್ತ ಕೂಸಿನ್ನ ನೋಡಿದಂಗ ನನ್ ಹೊಟ್ಟಿ ನೋಡ್ತಿ. ನನಗ ನಿನ್ ಕಣ್ಣಿಂದೇ ಅಂಜಿಕಿ.”

ಬಾಗಿಲು ಹಾಕಿಕೊಂಡಿತು. ಅಂಬುಬಾಯಿ ಅಳಲಿಲ್ಲ. ಗೋಡೆಗೆ ಒರಗಿ ಕುಳಿತು ಎರಡೂ ಅಂಗೈ ಕಣ್ಣಿಗೆ ಒತ್ತಿಕೊಂಡಳು. ನಾನು ನೀರು ಕೊಟ್ಟೆ, ಕುಡಿಯಲಿಲ್ಲ. ಒಳಗಿನಿಂದ ಯಾವ ಸದ್ದೂ ಬರುತ್ತಿರಲಿಲ್ಲ. ನನಗೆ ಅಷ್ಟು ಭಯ ಹಿಂದೆಂದೂ ಆಗಿರಲಿಲ್ಲ.

ಕೊನೆಗೆ ಸಣ್ಣ ಅಳು ಕೇಳಿಸಿತು, ಕೀರಲು ಅಳು. ನರ್ಸ್ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದಳು. ಹೆಣ್ಣು, ತೂಕ ಕಡಿಮೆ, ಆದರೆ ಚೆನ್ನಾಗಿದೆ ಎಂದು ಅಜ್ಜಿಯ ಮುಂದೆ ಹಿಡಿದಳು. ಅಂಬುಬಾಯಿ ಸರಕ್ಕನೆ ಸೆರಗು ಮುಖದ ಮೇಲೆಳೆದುಕೊಂಡು ಗೋಡೆಯ ಕಡೆ ತಿರುಗಿದಳು.

ನರ್ಸಿನ ಮುಖ ಕೆಂಪಾಯಿತು. “ಹೆಣ್ಣು ಹುಟ್ಯಾದಂತ ಮಾರಿ ತಿರುವ್ತೀರೇನ್ರಿ?”

“ಹಂಗಲ್ರೀ ಯವ್ವಾ,” ಸೆರಗಿನೊಳಗಿಂದಲೇ ಅಂದಳು ಅಂಬುಬಾಯಿ. “ನನ್ನ ಕಣ್ಣು ಚೊಲೋ ಇಲ್ಲ. ಮೊದಲ ಅವರವ್ವ ನೋಡ್ಲಿ.”

“ಅವರವ್ವ ಒಳಗ ಕಣ್ಣು ಮುಚ್ಕೊಂಡು ಮಲಗ್ಯಾಳ್ರಿ. ಎಷ್ಟು ಅಂದ್ರೂ ತಗೀವಲ್ಲಳು. ಜೀವಂತ ಕೂಸಿನ್ನ ಮೊದಲ ನಮ್ಮವ್ವ ನೋಡ್ಲಿ, ಆಮ್ಯಾಲ ನಾ ನೋಡ್ತೀನಿ ಅಂತ ಹಟ ಹಿಡದಾಳ.”

ಅಂಬುಬಾಯಿ ಎದ್ದು ಸೆರಗು ಸರಿಸಿ, ಕೂಸನ್ನು ತೆಗೆದುಕೊಂಡು, ಅದರ ಮುಖ ನೋಡಿದಳು.