ಹಾಲೋಬ್ರೂಕ್ ನೆಲಮಾಳಿಗೆಯ ಬೀಗದ ಕೈ

ನಾನು ಡುಲುತ್ ಊರಿನಲ್ಲಿ ಸಿಟಿ ಬಸ್ ಓಡಿಸುವವಳು. ನಿಲ್ದಾಣ ಬಿಟ್ಟು ನೂರು ಅಡಿ ಆಚೆ ನಿಂತು ಕೈ ಆಡಿಸಿದರೆ ನಿಲ್ಲಿಸುವವಳಲ್ಲ. ನಮ್ಮ ಭಾನುವಾರದ ಕಂಪ್ಯೂಟರ್ ಆಟದ ಗುಂಪನ್ನೂ ಹಾಗೆಯೇ ನಡೆಸಿಕೊಂಡು ಬಂದಿದ್ದೇನೆ. ಆರ್ವಿಡ್ ಕೊಸ್ಕೆಲಾ ವಿಷಯದಲ್ಲಿ ನಾನೇ ನಿಯಮ ಮುರಿದೆ ಎಂದು ಹೇಳಲು ಈಗಲೂ ನಾಲಿಗೆ ಹೊರಳುವುದಿಲ್ಲ.

ಗುಂಪು ಎಂದರೆ ನಾಲ್ಕೇ ಜನ. ನಾನು, ಡೊರೀನ್. ನೆಬ್ರಾಸ್ಕಾದಲ್ಲಿ ಟ್ರ್ಯಾಕ್ಟರ್ ಟೈರ್ ಮಾರುವ ವೆಂಡೆಲ್. ಬಾಯಿ ದೊಡ್ಡದು, ತಾಳ್ಮೆ ಚಿಕ್ಕದು. ನ್ಯೂ ಮೆಕ್ಸಿಕೋದ ನರ್ಸ್ ಮರಿಬೆಲ್. ದಿನಾ ರಕ್ತ ನೋಡುವ ಹೆಂಗಸು, ಆಟದಲ್ಲಿ ಬಾಗಿಲು ಕಿರ್ ಎಂದರೆ ಚೀರುತ್ತಾಳೆ. ಹೋದ ಅಕ್ಟೋಬರ್‌ನಲ್ಲಿ ಬಂದು ಸೇರಿದವರು ಆರ್ವಿಡ್. ಮಿಷಿಗನ್ನಿನ ಇಶ್ಪೆಮಿಂಗ್ ಊರಿನವರು, ಅರವತ್ತೇಳು ವಯಸ್ಸು, ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಕಲಸಿಕೊಡುವ ಕೆಲಸ. ಒಡೆದ ಬಟ್ಟಲಿನ ಚೂರು ತಂದುಕೊಟ್ಟರೂ ಅದೇ ಬಣ್ಣ ಕಲಸಿಕೊಡುತ್ತಾರಂತೆ. ಇದನ್ನು ಹೇಳಿದ್ದು ಅವರಲ್ಲ, ಅವರ ಹೆಂಡತಿ ಐಲಿ. ಕಾಫಿ ತಂದಿಡುವಾಗಲೆಲ್ಲ ಆಕೆ ಮೈಕಿನ ಹತ್ತಿರ ಬಗ್ಗಿ ಎರಡು ಮಾತು ಸೇರಿಸಿ ಹೋಗುತ್ತಿದ್ದರು. ಆರ್ವಿಡ್ ಮಾತ್ರ ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುವ ಆಸಾಮಿ. ಮೊದಮೊದಲು ನನಗೆ ಅವರು ಹಿಡಿಸಲೇ ಇಲ್ಲ.

ಭಾನುವಾರ ಮಧ್ಯಾಹ್ನ, ನನ್ನ ಗಡಿಯಾರದಲ್ಲಿ ಎರಡಕ್ಕೆ, ನಾಲ್ವರೂ ನಮ್ಮ ನಮ್ಮ ಮನೆಯಲ್ಲೇ ಕೂತು ಒಂದು ಹಳೆಯ ಆಟ ತೆರೆಯುತ್ತೇವೆ. ಗುಂಡು ಹಾರಿಸುವ ಆಟಗಳಲ್ಲ. ಪಾಳುಬಿದ್ದ ಮನೆಯೊಳಗೆ ನಿಧಾನವಾಗಿ ನಡೆಯಬೇಕು, ಕಂಡದ್ದರ ಮೇಲೆ ಒತ್ತಬೇಕು, ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಬಾಗಿಲು ತೆಗೆಯಬೇಕು. ಒಬ್ಬರ ಕೈಯಲ್ಲಿ ಮೌಸ್, ಉಳಿದ ಮೂವರಿಗೆ ಅದೇ ಚಿತ್ರ ನೋಡುತ್ತ ಬಯ್ಯುವ ಹಕ್ಕು. ನಿಯಮ ಒಂದೇ: ಗುಟ್ಟೆಲ್ಲ ಬಿಡಿಸಿಟ್ಟ ಗೈಡ್ ಯಾರೂ ನೋಡಕೂಡದು. ಉತ್ತರ ಗೊತ್ತಿದ್ದವನು ಗುಂಪಿನಲ್ಲಿ ಕೂರಕೂಡದು. ಈ ನಿಯಮಕ್ಕೆ ನನ್ನ ಸ್ವಂತ ಚಿಕ್ಕಪ್ಪನ ಮಗಳನ್ನೇ ಹೊರಗೆ ಹಾಕಿದ್ದೇನೆ.

'ಹಾಲೋಬ್ರೂಕ್' ಆಡೋಣ ಎಂದವರು ಆರ್ವಿಡ್ಡೇ. ಮೂವತ್ತು ವರ್ಷ ಹಳೆಯ ಆಟ. ಮುಚ್ಚಿಹೋದ ಕ್ಷಯರೋಗದ ಆಸ್ಪತ್ರೆ, ಮೇಲಿನ ಮಹಡಿಯಲ್ಲಿ ಎಲ್ಲೋ ಸಿಕ್ಕಿಬಿದ್ದ ತಂಗಿ, ಅವಳನ್ನು ಹುಡುಕಿ ಬಂದ ಅಕ್ಕ. ಮೂರು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ನೆಲಮಾಳಿಗೆಗೆ ಇಳಿದೆವು, ಹಿಂದೆ ಬಾಗಿಲು ಮುಚ್ಚಿಕೊಂಡಿತು. ಎದುರಿನ ಬಾಗಿಲಿಗೆ ಬೀಗ, ಅದರ ಕೈ ಹುಡುಕಬೇಕು. ಕೈಯಲ್ಲಿರುವ ದೀಪಕ್ಕೆ ನಾಲ್ಕು ನಿಮಿಷದ ಎಣ್ಣೆ. ಒಲೆಯ ಕೆಂಪು ಬಿಟ್ಟರೆ ಸುತ್ತ ಬರೀ ಕಪ್ಪು. ಎಣ್ಣೆ ಮುಗಿಯುತ್ತ ಬಂದಂತೆ ಮೆಟ್ಟಿಲ ಮೇಲೆ ಆಸ್ಪತ್ರೆಯ ಕಾವಲುಗಾರನ ಕುಂಟು ಹೆಜ್ಜೆ. ನಂತರ ಪೂರ್ತಿ ಕತ್ತಲೆ, ಮೂಳೆ ಮುರಿಯುವ ಸದ್ದು, ಮತ್ತೆ ಮೊದಲಿನಿಂದ.

ಮೊದಲ ಭಾನುವಾರ ಹನ್ನೊಂದು ಸಲ ಸತ್ತೆವು. ಎರಡನೆಯ ಭಾನುವಾರ ಹತ್ತೊಂಬತ್ತು ಸಲ. ತೆಗೆದುಕೊಳ್ಳಬಹುದಾದ ವಸ್ತುವಿನ ಮೇಲೆ ಬಂದರೆ ಮೌಸಿನ ಬಾಣದ ಗುರುತು ಕೆಂಪಾಗಬೇಕು. ಎಲ್ಲಿಯೂ ಆಗಲಿಲ್ಲ. ವೆಂಡೆಲ್‌ಗೆ ರೇಗಿತು.

"ಇಲ್ಲೇನೂ ಇಲ್ಲ ಕಣ್ರೋ. ಮೇಲೇ ಎಲ್ಲೋ ಬಿಟ್ಟು ಬಂದಿದೀವಿ. ಹಿಂದೆ ಸೇವ್ ಮಾಡಿಟ್ಟ ಜಾಗಕ್ಕೆ ವಾಪಸ್ ಹೋಗೋಣ."

"ಬೇಡ," ಎಂದರು ಆರ್ವಿಡ್. "ಬೀಗದ ಕೈ ಇಲ್ಲೇ ಇದೆ."

ಆಡುವಾಗ ಆ ಮನುಷ್ಯ ತಾನಾಗಿ ಬಾಯಿ ಬಿಟ್ಟದ್ದೇ ಅದು ಮೊದಲು.

"ಇಲ್ಲೇ ಇದೆ ಅಂತ ನಿಮ್ಗೆ ಹೇಗ್ ಗೊತ್ತು ಯಜಮಾನ್ರೇ?" ವೆಂಡೆಲ್ ಕೇಳಿದ.

"ಹಂಗೆ ಅನ್ನಿಸ್ತು. ನಾನೇನು ಗೈಡ್ ನೋಡಿಲ್ಲ."

"ಗೈಡ್ ಅಂತ ಯಾರಾದ್ರೂ ಅಂದ್ರಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಲ್ಲ!"

"ಬಿಡೋ ವೆಂಡೆಲ್, ದೊಡ್ಡೋರು," ಎಂದಳು ಮರಿಬೆಲ್.

"ದೊಡ್ಡೋರಾದ್ರೆ ಕದ್ದು ಓದಬಹುದಾ? ಡೊರೀನ್, ನೀನೇ ಹೇಳು. ಮುಂದಿನ ವಾರ ಒಂದು ಗಂಟೆ ನೋಡೋಣ. ಸಿಗ್ಲಿಲ್ಲ ಅಂದ್ರೆ ಎಲ್ಲರೆದುರೇ ಗೈಡ್ ತೆಗೀತೀನಿ. ಅದ್ರಲ್ಲಿ ಬೀಗದ ಕೈ ಇಲ್ಲೇ ಅಂತಿದ್ರೆ ಈ ಯಜಮಾನ್ರು ಹೊರಗೆ."

ನಾನು ಆಗಲಿ ಎಂದೆ. ಬೇರೆ ದಾರಿ ಇರಲಿಲ್ಲ. ಬುಧವಾರ ಪಾಳಿ ಮುಗಿಸಿ ಆರ್ವಿಡ್‌ಗೆ ಫೋನ್ ಮಾಡಿದೆ. ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರೆ ಮರ್ಯಾದೆಯಿಂದ ಕಳಿಸಿಕೊಡೋಣ ಎಂದುಕೊಂಡಿದ್ದೆ.

"ನೋಡಿದ್ರಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ."

"ಗೈಡ್ ನೋಡಿಲ್ಲಮ್ಮ," ಎಂದರು. "ಆ ನೆಲಮಾಳಿಗೆ ಬರೆದೋನು ನಾನು."

ನಿಧಾನವಾಗಿ ಎಲ್ಲ ಹೊರಗೆ ಬಂತು. ಮೂವತ್ತೇಳನೆಯ ವಯಸ್ಸಿನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕೂತು ಹಾಲೋಬ್ರೂಕ್‌ನ ನಲವತ್ತೊಂದೂ ಕೋಣೆಗಳ ಚಿತ್ರ ಬರೆದವರು ಇವರೇ. ಎಲ್ಲಿ ಒತ್ತಿದರೆ ಏನಾಗಬೇಕು ಎಂದು ಗುರುತು ಹಾಕುವುದು ಬೇರೆಯವರ ಕೆಲಸ, ಇವರದು ಬರೀ ಚಿತ್ರ. ತಮ್ಮ ಮೇಜಿನ ಸ್ಕ್ರೀನನ್ನು ಮಟಮಟ ಮಧ್ಯಾಹ್ನದಂತೆ ಬೆಳಗಿಸಿಕೊಂಡು ಬರೆದಿದ್ದರು. ಅವರಿಗೆ ಎಲ್ಲವೂ ಕಾಣುತ್ತಿತ್ತು. ಆಟ ಅಂಗಡಿಗೆ ಹೋಯಿತು. ಕೊಂಡವರ ಮನೆಯ ಸ್ಕ್ರೀನಿನಲ್ಲಿ ನೆಲಮಾಳಿಗೆ ಬರೀ ಕಪ್ಪು. ಬೀಗದ ಕೈ ಕಾಣುವುದಿಲ್ಲ ಎಂದು ಚೀಲಗಟ್ಟಲೆ ಪತ್ರ ಬಂದವು. ಕಂಪನಿಯ ಮುಖ್ಯಸ್ಥ ಆ ಪತ್ರಗಳನ್ನು ಎಲ್ಲರೆದುರು ಮೇಜಿನ ಮೇಲೆ ಸುರಿದು, 'ನಿನ್ನ ಕತ್ಲೆ ನಮ್ಮನ್ನೆಲ್ಲ ಮುಳುಗಿಸ್ತು' ಎಂದನಂತೆ. ವರ್ಷದೊಳಗೆ ಕಂಪನಿ ಬಾಗಿಲು ಮುಚ್ಚಿತು, ಇಪ್ಪತ್ತೆರಡು ಜನ ಮನೆಗೆ ಹೋದರು. ಆರ್ವಿಡ್ ಊರಿಗೆ ಬಂದು ಹಾರ್ಡ್‌ವೇರ್ ಅಂಗಡಿ ಸೇರಿದರು. ಅಂದಿನಿಂದ ಒಂದು ಗೆರೆ ಎಳೆದವರಲ್ಲ. ಚರ್ಚಿಗೆ ಒಂದು ಬೋರ್ಡು ಬರೆದುಕೊಡು ಎಂದು ಐಲಿ ಕೈಮುಗಿದು ಕೇಳಿದರೂ ಬರೆಯಲಿಲ್ಲ.

"ಈಗ ಯಾಕೆ ಮತ್ತೆ ಅಲ್ಲಿಗೇ ಹೋದ್ರಿ?" ಎಂದೆ.

"ಒಬ್ರು, ಒಬ್ರಾದ್ರೂ ಗೈಡ್ ಇಲ್ದೆ ಆ ಬೀಗದ ಕೈನ ಕಣ್ಣಾರೆ ಕಾಣ್ಬೇಕು ಅಂತ. ಕಂಡ್ರೆ ನಾನು ಅಷ್ಟು ಕೆಟ್ಟದಾಗಿ ಬರೆದಿಲ್ಲ ಅಂತಾಯ್ತು. ಕಾಣ್ದಿದ್ರೆ ಅವ್ನು ಅಂದಿದ್ದೇ ಸರಿ. ಹೋದ ವಾರ ಬಾಣ ಅದರ ಪಕ್ಕಕ್ಕೇ ಬಂದು ತಿರುಗಿಬಿಡ್ತಲ್ಲ, ನನ್ನ ಜೀವ ಬಾಯಿಗೆ ಬಂದಿತ್ತು. ಒಂದು ಗಂಟೆ ಕೊಡಿ ಸಾಕು. ಆಮೇಲೆ ನಾನೇ ಹೋಗ್ತೀನಿ."

ಉತ್ತರ ಗೊತ್ತಿದ್ದವನು ಕೂರಕೂಡದು. ನಿಯಮ ಮಾಡಿದವಳು ನಾನೇ. "ಎಲ್ಲಿದೆ ಅಂತ ನಂಗೂ ಹೇಳ್ಬೇಡಿ," ಎಂದು ಫೋನ್ ಇಟ್ಟೆ. ವಿಷಯವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡೆ.

ಭಾನುವಾರ ಮೌಸ್ ವೆಂಡೆಲ್ ಕೈಯಲ್ಲಿತ್ತು. "ಎರಡು ಗಂಟೆ. ಮೂರಕ್ಕೆ ಗೈಡ್," ಎಂದು ಶುರುಮಾಡಿದ. ಕಲ್ಲಿದ್ದಲ ರಾಶಿ ಕೆದಕಿದೆವು, ಒಲೆಯ ಬಾಗಿಲು, ಪೈಪುಗಳು, ನೆಲ. ಹೆಜ್ಜೆ ಬಂತು, ಸತ್ತೆವು. ಮತ್ತೆ ಇಳಿದೆವು, ಸತ್ತೆವು. ಮೈಕಿನಲ್ಲಿ ಆರ್ವಿಡ್ ಉಸಿರು ಕೇಳಿಸುತ್ತಿತ್ತು. ಬಾಣ ಬಲಗೋಡೆಯತ್ತ ಹೋದಾಗ ಉಸಿರು ನಿಲ್ಲುತ್ತಿತ್ತು, ಈಚೆ ಬಂದಾಗ ಬಿಡುತ್ತಿತ್ತು. ಉಳಿದವರಿಗೆ ಇದು ತಿಳಿದುಬಿಡುತ್ತದೆಂದು ಹೆದರಿ ನಾನು ಸುಮ್ಮಸುಮ್ಮನೆ ಕೆಮ್ಮಿದೆ, ಹವಾಮಾನದ ಮಾತೆತ್ತಿದೆ. "ಬಾಯ್ಮುಚ್ಚೇ ಡೊರೀನ್, ಹೆಜ್ಜೆ ಕೇಳಿಸ್ತಿಲ್ಲ," ಎಂದು ಬೈಸಿಕೊಂಡೆ.

ಎರಡೂ ಮುಕ್ಕಾಲಾಯಿತು. ಮಂಜಿನ ರಸ್ತೆಯಲ್ಲಿ ಬಸ್ ಜಾರಿದಾಗಲೂ ನಾನು ಇಷ್ಟು ಹೆದರಿಲ್ಲ. ಬಲಗೋಡೆ ನೋಡು ಎಂದು ಒಂದು ಮಾತು ಅಂದರೆ ಮುಗಿಯಿತು. ಅಂದರೆ ಆ ಮನುಷ್ಯನ ಮೂವತ್ತು ವರ್ಷಕ್ಕೆ ಮೋಸ.

ಆಗ ಮರಿಬೆಲ್ ಹೇಳಿದಳು: "ನರ ಸಿಗ್ದಿದ್ರೆ ನಾವು ಸುಮ್ನೆ ಚುಚ್ಚಲ್ಲ ಕಣೋ, ದೀಪ ಹತ್ರ ತರ್ತೀವಿ. ಎಲ್ಲರೂ ಕಿಟಕಿ ಪರದೆ ಎಳ್ಕೊಳ್ಳಿ, ಸ್ಕ್ರೀನ್ ಬೆಳಕು ಎಷ್ಟಾಗುತ್ತೋ ಅಷ್ಟು ಏರಿಸಿ."

"ಅದು ನಿಯಮದಲ್ಲಿದೆಯಾ?" ವೆಂಡೆಲ್ ಕೇಳಿದ.

"ಬೇಡ ಅಂತ ಎಲ್ಲೂ ಇಲ್ಲ. ಏರ್ಸೋ!" ಎಂದೆ.

ನಾನೂ ಏರಿಸಿದೆ. ಕಪ್ಪು ಬೂದು ಬಣ್ಣವಾಯಿತು, ಅದರೊಳಗಿಂದ ಗೋಡೆ ಬಂತು. ಬಿಳಿ ಟೈಲುಗಳ ಗೋಡೆ, ಮೂಲೆಯಲ್ಲಿ ಬಿರುಕು, ತುಕ್ಕಿನ ನೀರು ಇಳಿದ ಗುರುತು. ಒಂದು ಮರದ ಹಲಗೆ, ಅದರ ಮೇಲೆ ಸಾಲಾಗಿ ರೋಗಿಗಳ ತಗಡಿನ ಲೋಟಗಳು, ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಹೆಸರಿನ ಚೀಟಿ. ಎರಡು ವಾರ ನಾವು ಇದರ ಮುಂದೆಯೇ ನಿಂತು ಏನೂ ಇಲ್ಲ ಎಂದಿದ್ದೆವು.

"ಅಯ್ಯೋ ದೇವ್ರೇ, ಇಷ್ಟೆಲ್ಲ ಇತ್ತಾ ಇಲ್ಲಿ?" ವೆಂಡೆಲ್ ಪಿಸುಗುಟ್ಟಿದ.

"ಬಲಗಡೆ! ಹಲಗೆ ಕೆಳಗೆ ಕೊಕ್ಕೆ ನೋಡು!" ಮರಿಬೆಲ್ ಕಿರುಚಿದಳು. "ಬೀಗದ ಕೈ! ಬೀಗದ ಕೈ ಕಣೋ!"

ಆರ್ವಿಡ್ ಮೈಕಿನಲ್ಲಿ ಒಂದು ಸದ್ದು ಬಂತು, ಅಳುವೋ ನಗುವೋ ತಿಳಿಯಲಿಲ್ಲ. ಗೆದ್ದರು ಎಂದುಕೊಂಡೆ.

ವೆಂಡೆಲ್ ಬಾಣ ಕೊಂಡೊಯ್ದು ಸರಿಯಾಗಿ ಬೀಗದ ಕೈ ಮೇಲಿಟ್ಟ. ಕೆಂಪಾಗಲಿಲ್ಲ. ಒತ್ತಿದ. ಏನೂ ಆಗಲಿಲ್ಲ. ಮೇಲೆ, ಕೆಳಗೆ, ಕೊಕ್ಕೆಯ ಮೇಲೆ ಒತ್ತಿದ. ಹೆಜ್ಜೆ ಬಂತು, ಸತ್ತೆವು. ಮತ್ತೆ ಇಳಿದು ನೇರ ಅಲ್ಲಿಗೇ ಹೋದ. ಬಾಣ ಬೆಳ್ಳಗೇ ಉಳಿಯಿತು. ಗಡಿಯಾರದಲ್ಲಿ ಮೂರಕ್ಕೆ ಆರು ನಿಮಿಷ.

"ಇದು ಬರೀ ಚಿತ್ರ," ಎಂದ ವೆಂಡೆಲ್. "ನಿಜವಾದ್ದು ಬೇರೆ ಎಲ್ಲೋ ಇದೆ. ಯಾವನೋ ತಲೆಕೆಟ್ಟೋನು ಸುಮ್ನೆ ಬಳಿದು ಹೋಗಿದಾನೆ."

"ಬರೀ ಚಿತ್ರ ಅಲ್ಲ!" ಆರ್ವಿಡ್ ಕೂಗಿದರು. ಆ ದನಿಗೆ ನನ್ನ ಬೆಕ್ಕು ಎದ್ದು ಓಡಿತು. "ಅದೇ ಬೀಗದ ಕೈ, ಅದೇ ಕೊಕ್ಕೆ! ನಾನೇ ಅಲ್ಲಿ ತೂಗುಹಾಕಿದ್ದು! ಈ ಗೋಡೆ ನಂದು, ಈ ಲೋಟ ನಂದು, ಒಂದೊಂದು ಚೀಟೀನೂ ನಾನೇ ಬರ್ದಿದ್ದು! ಒತ್ತಪ್ಪಾ, ಇನ್ನೊಂದ್ಸಲ ಒತ್ತು!"

ನೀವು ಯಾರು, ಏನು, ಎತ್ತ ಎಂದು ವೆಂಡೆಲ್ ಕೇಳಲಿಲ್ಲ. ಮತ್ತೊಮ್ಮೆ ನೆಲಮಾಳಿಗೆಗೆ ಇಳಿದು ಬಲಗೋಡೆಯ ತುದಿಯಿಂದ ಬಾಣವನ್ನು ನಿಧಾನವಾಗಿ ಸರಿಸತೊಡಗಿದ, ತಲೆಯಲ್ಲಿ ಹೇನು ನೋಡುವವರ ಹಾಗೆ ಸಾಲುಸಾಲಾಗಿ. ಬೀಗದ ಕೈ ದಾಟಿದ. ಎಡಕ್ಕೆ ನಾಲ್ಕು ಬೆರಳಿನಷ್ಟು ದೂರದಲ್ಲಿ, ಏನೇನೂ ಇಲ್ಲದ ಬೋಳು ಟೈಲಿನ ಮೇಲೆ ಬಾಣ ಕೆಂಪಾಯಿತು. ಒತ್ತಿದ. ಟಣ್ ಎಂದಿತು. ಕೊಕ್ಕೆ ಖಾಲಿಯಾಯಿತು, ಬೀಗದ ಕೈ ಚೀಲಕ್ಕೆ ಬಂತು.

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು, ಆರ್ವಿಡ್‌ಗೆ ಅಷ್ಟೂ ಹಿಡಿದಿರಲಾರದು. ಒತ್ತುವ ಜಾಗದ ಗುರುತನ್ನೇ ಕಂಪನಿಯ ಆ ಇನ್ನೊಬ್ಬ ತಪ್ಪಾಗಿ ಹಾಕಿದ್ದ. ನೆಲಮಾಳಿಗೆಯನ್ನು ಹಾಲಿನಷ್ಟು ಬೆಳ್ಳಗೆ ಬರೆದಿದ್ದರೂ ಆ ಬೀಗದ ಕೈ ಯಾರ ಕೈಗೂ ಬರುತ್ತಿರಲಿಲ್ಲ. ಕತ್ತಲೆಯಲ್ಲಿ ಅವನ ತಪ್ಪು ಮುಚ್ಚಿಹೋಯಿತು, ಇವರದು ಊರಿಗೆಲ್ಲ ಕಂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ನನಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯಲಿಲ್ಲ. ಬುಧವಾರ ಆರ್ವಿಡ್ ಹೇಳಿದ್ದನ್ನೆಲ್ಲ ಉಳಿದಿಬ್ಬರಿಗೂ ಎರಡೇ ಮಾತಿನಲ್ಲಿ ಹೇಳಿಬಿಟ್ಟೆ.

"ಯಜಮಾನ್ರೇ," ವೆಂಡೆಲ್ ದನಿ ತಗ್ಗಿತ್ತು. "ನಾನು ಆಡಿದ್ದೆಲ್ಲ ಹೊಟ್ಟೆಗೆ ಹಾಕ್ಕೊಳ್ಳಿ. ತಪ್ಪು ನಿಮ್ದಲ್ಲ. ಆದ್ರೆ... ಆಟ ಬಂದ್ಮೇಲೆ ನೀವು ಒಂದ್ಸಲನಾದ್ರೂ ಆಡಿ ನೋಡ್ಲಿಲ್ವಾ? ಎಲ್ಲಿದೆ ಅಂತ ನಿಮ್ಗೆ ಗೊತ್ತಿತ್ತಲ್ಲ. ಒಂದೇ ಒಂದ್ಸಲ ಒತ್ತಿದ್ರೆ ತಿಳೀತಿತ್ತು."

ದೀಪದ ಎಣ್ಣೆ ಇಳಿಯುತ್ತಿತ್ತು. ಮೆಟ್ಟಿಲ ಮೇಲೆ ಮೊದಲ ಹೆಜ್ಜೆ ಕೇಳಿಸಿತು.

"ಆಟದ ಡಬ್ಬಿ ಮನೇಲೇ ಇತ್ತು," ಎಂದರು ಆರ್ವಿಡ್. "ತೆಗೀಲಿಲ್ಲ."

"ಮೂವತ್ತು ವರ್ಷ?"

"ನಾಚ್ಕೆ ಆಗ್ತಿತ್ತು."

ಹಿಂದಿನಿಂದ ಐಲಿ ದನಿ ಬಂತು, ಹತ್ತಿರದಿಂದಲೇ, ಮೈಕಿಗೆ ಬಗ್ಗದೆ. "ನಾನು ತೆಗೀತೀನಿ ಅಂದಾಗ್ಲೆಲ್ಲ ಬಯ್ತಿದ್ದೆ ನೀನು. ಒಂದ್ಸಲ ನನ್ನ ಕೈಯಿಂದ ಕಿತ್ಕೊಂಡು ಅಟ್ಟಕ್ಕೆ ಎಸೆದೆ."

"ಹೌದು," ಎಂದರು.

ಹೆಜ್ಜೆಗಳು ಹತ್ತಿರವಾದವು. ಬೀಗದ ಕೈ ಚೀಲದಲ್ಲಿತ್ತು, ಬಾಗಿಲು ಎದುರಿಗಿತ್ತು, ವೆಂಡೆಲ್ ಮೌಸ್ ಅಲುಗಿಸಲಿಲ್ಲ. ಮರಿಬೆಲ್ ಅಳುತ್ತಿದ್ದಳು.

"ಬಾಗ್ಲು ತೆಗಿಯಪ್ಪಾ," ಎಂದರು ಆರ್ವಿಡ್. "ಮೇಲೆ ಇನ್ನೂ ಹದಿನಾರು ಕೋಣೆ ಬರೆದಿದೀನಿ. ಚೆನ್ನಾಗಿದಾವೋ ಏನೋ, ನಂಗೆ ಗೊತ್ತೇ ಇಲ್ಲ."